ದೊಡ್ಡಕ್ಕನ ತಂಬಿಗೆ

ಇಸ್ತ್ರಿ ಮೇಜಿನ ಮುಂದೆ ನಿಲ್ಲುವವರಿಗೆ ನೀರು ಕುಡಿಯುವುದೂ ಒಂದು ಕೆಲಸ. ಬಾಯಾರಲಿ, ಬಾಯಾರದಿರಲಿ, ಕುಡಿಯಲೇಬೇಕು. ಮೈಯಲ್ಲಿರುವ ನೀರನ್ನೆಲ್ಲ ಹಬೆ ಹೀರಿಬಿಡುತ್ತದೆ. ಕುಡಿಯದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ, ಬಿಸಿ ಪೆಟ್ಟಿಗೆಯ ಮೇಲೆ ಮುಖ ಅಡಿಯಾಗಿ ಬೀಳುತ್ತೀರಿ. ಹಾಗೆ ಬಿದ್ದವರನ್ನು ನೋಡಿದ್ದೇನೆ. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ. ಬೆಳಿಗ್ಗೆ ಪ್ರತಿಯೊಬ್ಬಳ ಮೇಜಿನ ಕಾಲ ಬಳಿ ಒಂದು ತುಂಬಿದ ತಂಬಿಗೆ. ಸಂಜೆ ಹೊರಡುವಾಗ ಅದು ಖಾಲಿಯಾಗಿರಬೇಕು. ಪಕ್ಕದ ಮೇಜಿನವಳು ಬಗ್ಗಿ ನೋಡಬೇಕು, ನೀರು ಉಳಿದಿದ್ದರೆ ಬೈಯಬೇಕು. ಈ ಕಟ್ಟಳೆ ನನಗೆ ಕಲಿಸಿದವಳು ದೊಡ್ಡಕ್ಕ. ನೀರಿಲ್ಲದೆ ಸತ್ತವಳೂ ದೊಡ್ಡಕ್ಕನೇ.

ನಮ್ಮದು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ. ರಕ್ತ, ಕೀವು, ವಾಂತಿ, ಹೆರಿಗೆಯ ಕೊಳೆ, ಎಲ್ಲವೂ ಗಂಟು ಕಟ್ಟಿಕೊಂಡು ನಮ್ಮಲ್ಲಿಗೆ ಬರುತ್ತದೆ. ಕುದಿಸಿ, ಒಗೆದು, ಹಿಂಡಿ, ಇಸ್ತ್ರಿ ಮಾಡಿ ವಾಪಸು ಕಳಿಸುತ್ತೇವೆ. ಆ ಶೀಟುಗಳ ಮೇಲೆ ಮಲಗುವವರಿಗೆ ನಮ್ಮ ಮುಖವೂ ಗೊತ್ತಿಲ್ಲ. ನಮಗೆ ಅವರ ಹೊಟ್ಟೆಯೊಳಗಿನದೆಲ್ಲ ಗೊತ್ತು.

ಪ್ರತಿ ಶೀಟಿನ ಮೂಲೆಯಲ್ಲೂ ದಪ್ಪ ದಾರದ ಗುರುತಿರುತ್ತದೆ. ಗಂಡಸರ ವಾರ್ಡಿನದಕ್ಕೆ ಎರಡು ಗೆರೆ, ಹೆಂಗಸರ ವಾರ್ಡಿನದಕ್ಕೆ ಇಂಟು ಗುರುತು. ಹಬೆಯಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬೆರಳಲ್ಲೇ ನೋಡುತ್ತೇವೆ. ಶೀಟು ಕೈಗೆ ಬಂದ ಕೂಡಲೇ ಹೆಬ್ಬೆರಳು ತಾನಾಗಿ ಮೂಲೆಗೆ ಹೋಗುತ್ತದೆ. ಗೆರೆಯಾದರೆ ಎಡಗಡೆಯ ಗಂಟಿಗೆ, ಇಂಟು ಆದರೆ ಬಲಗಡೆಯದಕ್ಕೆ. ಎಷ್ಟು ಚಟವೆಂದರೆ ಮನೆಯಲ್ಲಿ ಹೊದ್ದು ಮಲಗಿದಾಗಲೂ ನಮ್ಮ ಹೆಬ್ಬೆರಳು ಮೂಲೆ ಹುಡುಕುತ್ತಿರುತ್ತದೆ.

ಆ ಗುರುತು ಹೊಲಿಯುವವಳು ನನ್ನವಳು. ಕಾಲರಿಗೆ ಯಾವಾಗಲೂ ಸೂಜಿ ಚುಚ್ಚಿಕೊಂಡಿರುತ್ತಾಳೆಂದು ಎಲ್ಲರೂ ಅವಳನ್ನು ಸೂಜಿ ಎನ್ನುತ್ತಾರೆ. ನನ್ನ ತಲೆ ನೋಡಿ ನನಗೆ ಕ್ರಾಪು ಎಂದು ಹೆಸರಿಟ್ಟಿದ್ದಾರೆ. ನನ್ನವಳು ಎಂದು ಇಲ್ಲಿ ಹೇಳುತ್ತಿದ್ದೇನೆ, ಹೊರಗೆ ಹೇಳುತ್ತಿರಲಿಲ್ಲ. ಹೊರಗೆ ನಾವು ಅಕ್ಕತಂಗಿ. ಮನೆ ಮಾಲಕಿಗೆ ಅಕ್ಕತಂಗಿ, ಅಂಗಡಿಯವನಿಗೆ ಅಕ್ಕತಂಗಿ, ಲಾಂಡ್ರಿಯಲ್ಲೂ ಅಕ್ಕತಂಗಿ. ಮುಖ ನೋಡಿದರೆ ಅವಳು ಮೂಡಣ, ನಾನು ಪಡುವಣ. ಎಲ್ಲರಿಗೂ ಗೊತ್ತಿತ್ತು. ನಾವು ಬಾಯಿ ಬಿಡದಿರುವವರೆಗೆ ಅವರೂ ಬಿಡುವುದಿಲ್ಲ, ಅಷ್ಟೇ ಒಪ್ಪಂದ.

ದೊಡ್ಡಕ್ಕನಿಗೆ ಅಂಥ ಒಪ್ಪಂದವನ್ನು ಯಾರೂ ಕೊಡಲಿಲ್ಲ. ಹೆತ್ತವರು ಅವಳನ್ನು ಗಂಡುಮಗು ಎಂದು ಬೆಳೆಸಿದರು. ಅವಳು ಅಲ್ಲ ಎಂದು ಮನೆ ಬಿಟ್ಟು ಬಂದು ಹೆಣ್ಣಾಗಿ ಬದುಕಿದಳು. ಬಾಗಿಲಿಗೆ ತಾಗುವ ಎತ್ತರ, ಅಗಲ ಭುಜ, ದಪ್ಪ ದನಿ. ಎಲ್ಲಿ ಅಡಗಿಸುವುದು ಅದನ್ನು? ನಾವಿಬ್ಬರು ಬಾಗಿಲು ಹಾಕಿಕೊಂಡ ಮೇಲೆ ನಾವಾಗುತ್ತೇವೆ. ಅವಳು ಬಾಗಿಲು ತೆರೆದು ಬೀದಿಗಿಳಿದಾಗಲೂ ಅವಳೇ ಆಗಿರಬೇಕಿತ್ತು. ಕಲ್ಲು ಬೀಳುವುದಾದರೆ ಮೊದಲು ಅವಳ ಮೇಲೆ.

ಒಮ್ಮೆ ನನ್ನ ಅಣ್ಣ ನನ್ನನ್ನು ಎಳೆದುಕೊಂಡು ಹೋಗಲು ಬಂದ. ಮದುವೆ ಗೊತ್ತು ಮಾಡಿದ್ದನಂತೆ. ಜೊತೆಗೆ ಗೆಳೆಯರನ್ನೂ ಕಟ್ಟಿಕೊಂಡು ಬಂದಿದ್ದ. ಸೂಜಿ ಮಂಚದ ಕೆಳಗೆ ಸೇರಿಕೊಂಡು ನಡುಗುತ್ತಿದ್ದಳು. ಪಕ್ಕದ ಓಣಿಯಲ್ಲಿದ್ದ ದೊಡ್ಡಕ್ಕ ಮನೆಯ ಇಸ್ತ್ರಿ ಪೆಟ್ಟಿಗೆ ಹಿಡಿದು ಓಡಿಬಂದು ನಮ್ಮ ಬಾಗಿಲಿಗೆ ಅಡ್ಡ ನಿಂತಳು. "ಬಾರಪ್ಪ, ಒಳಗೆ ಬಾ. ಮುಖದ ಮೇಲಿರೋ ಸುಕ್ಕೆಲ್ಲ ಬಿಡಿಸಿ ಕಳಿಸ್ತೀನಿ," ಎಂದಳು. ಅಣ್ಣ ಅವಳ ಬಾಯಿಗೆ ಗುದ್ದಿದ. ಒಂದು ಹಲ್ಲು ಹೋಯಿತು. ಅವಳು ಜರುಗಲಿಲ್ಲ, ಕೊನೆಗೆ ಅವರೇ ವಾಪಸು ಹೋದರು. ಆಮೇಲೆ ನಕ್ಕಾಗಲೆಲ್ಲ ಆ ಸಂದು ಕಾಣುತ್ತಿತ್ತು. "ಇದು ನಿಮ್ಮ ಮನೆ ಬಾಗಿಲು ಕಣ್ರೇ," ಎಂದು ನಾಲಗೆ ತೂರಿಸಿ ತೋರಿಸುತ್ತಿದ್ದಳು.

ಬೀಗದ ಕಥೆ ಶುರುವಾದದ್ದು ಬಾಯ್ಲರ್ ಮನೆಯವನಿಂದ. ಹೆಂಗಸರ ಕಕ್ಕಸಿನ ಹಿಂಗೋಡೆಗೆ ತೂತು ಕೊರೆದು ಅವನು ಇಣುಕುತ್ತಿದ್ದ. ಹಿಡಿದವಳು ದೊಡ್ಡಕ್ಕ. ಕತ್ತಿನ ಪಟ್ಟಿ ಹಿಡಿದು ಎಲ್ಲರೆದುರು ಎಳೆದು ತಂದು ಮೇಸ್ತ್ರಿಯ ಮುಂದೆ ನಿಲ್ಲಿಸಿದಳು. ಮೇಸ್ತ್ರಿ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಪೈಕಿ. ಬಾಯ್ಲರ್ ಗೊತ್ತಿರುವವನು ಅವನೊಬ್ಬನೇ, ಕೆಲಸ ಬಿಡಿಸಿದರೆ ಹಬೆ ನಿಲ್ಲುತ್ತದೆ. "ಇನ್ನೊಂದ್ಸಲ ಹೀಗೆಲ್ಲ ಮಾಡ್ಬೇಡಪ್ಪ," ಎಂದು ಕಳಿಸಿದ.

ಮರುದಿನ ಹೆಂಗಸರ ಕಕ್ಕಸಿಗೆ ಬೀಗ ಬಿತ್ತು. ಕೀಲಿ ಇಟ್ಟುಕೊಂಡು ಕೂರಲು ಕಸ ಗುಡಿಸುವವಳನ್ನು ಹಾಕಿದರು. ಅವತ್ತಿನಿಂದ ಅವಳು ಬೀಗದಮ್ಮ. ಮೇಸ್ತ್ರಿ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ: "ಹೆಂಗಸರ ಕ್ಷೇಮಕ್ಕೆ ಇದು. ಇನ್ಮೇಲೆ ಹುಟ್ಟಾ ಹೆಂಗಸರಿಗೆ ಮಾತ್ರ ಬಾಗ್ಲು. ಆ ಮನುಷ್ಯ ಗಂಡಸರ ಕಡೆ ಹೋಗ್ಲಿ."

ಆ ಮನುಷ್ಯ ಎಂದರೆ ದೊಡ್ಡಕ್ಕ. ಇಣುಕಿದವನು ಬಾಯ್ಲರ್ ಮನೆಯಲ್ಲಿ ಬೀಡಿ ಸೇದುತ್ತಿದ್ದ, ಹಿಡಿದವಳಿಗೆ ಬಾಗಿಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ನಾನು ಬಾಯಿ ತೆರೆದೆ. ದೊಡ್ಡಕ್ಕ ಪಕ್ಕದಲ್ಲೇ ನಿಂತು ನನ್ನ ಕಾಲು ತುಳಿದಳು.

"ನೀನು ಮಾತಾಡಿದ್ರೆ ನಾಳೆ ನಿಮ್ಮಿಬ್ಬರ ಮಂಚದ ವಿಷಯ ಬೀದಿಗೆ ಬರುತ್ತೆ," ಎಂದು ಆಮೇಲೆ ಹೇಳಿದಳು. "ಸುಮ್ನಿರು ಮಗಾ. ನನಗೆ ಇದೇನು ಹೊಸದಾ?"

ಗಂಡಸರ ಕಡೆಗೆ ಅವಳು ಒಂದೇ ಸಲ ಹೋದಳು. ಒಳಗಿರುವಾಗ ಹೊರಗಿನಿಂದ ಬಾಗಿಲು ಗುದ್ದಿದರು. ಮೇಲಿನಿಂದ ಬಕೆಟ್ಟು ನೀರು ಸುರಿದರು. ಹೊರಬಂದಾಗ ಬಾಯ್ಲರ್ ಮನೆಯವನು ದಾರಿಗೆ ಅಡ್ಡ ನಿಂತು, "ಏನಿದೆ ಅಂತ ತೋರ್ಸು, ಆಮೇಲೆ ಹೋಗು," ಎಂದ. ಒದ್ದೆ ಬಟ್ಟೆಯಲ್ಲೇ ಬಂದು ಅವಳು ಇಸ್ತ್ರಿ ಮುಂದುವರಿಸಿದಳು. ಹಬೆಗೆ ಬಟ್ಟೆ ಮೈಮೇಲೆಯೇ ಒಣಗಿತು.

ಆಮೇಲೆ ಅವಳು ಎಲ್ಲಿಗೂ ಹೋಗಲಿಲ್ಲ. ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆ ಮುಟ್ಟುವವರೆಗೆ ತಡೆದುಕೊಂಡಿರುತ್ತಿದ್ದಳು. ಸಂಜೆ ನಾನು ಕಟ್ಟಳೆಯಂತೆ ಬಗ್ಗಿ ಅವಳ ತಂಬಿಗೆ ನೋಡುತ್ತಿದ್ದೆ. ಖಾಲಿ ಇರುತ್ತಿತ್ತು. ಕುಡಿದಿದ್ದಾಳೆ ಎಂದುಕೊಳ್ಳುತ್ತಿದ್ದೆ. ಇಸ್ತ್ರಿಯವರ ಬುದ್ಧಿ ಇಷ್ಟೇ, ತಂಬಿಗೆ ಖಾಲಿಯಾದರೆ ಹೊಟ್ಟೆ ತುಂಬಿತು. ಆ ದಿನಗಳಲ್ಲಿ ದೊಡ್ಡಕ್ಕನ ಶೀಟುಗಳು ಎಲ್ಲರದಕ್ಕಿಂತ ಚೆನ್ನಾಗಿ ಬರುತ್ತಿದ್ದವು. ಒಂದು ಸುಕ್ಕಿಲ್ಲ. ಮೇಸ್ತ್ರಿ ಒಂದನ್ನು ಎತ್ತಿ ಹಿಡಿದು, "ನೋಡಿ ಕಲೀರಿ," ಎಂದು ನಮಗೆಲ್ಲ ತೋರಿಸಿದ.

ಒಂದು ದಿನ ನನ್ನ ಪೆಟ್ಟಿಗೆ ಕೆಟ್ಟಿತು. ರಿಪೇರಿಯಾಗುವವರೆಗೆ ಕೈ ಕಟ್ಟಿಕೊಂಡು ನಿಂತಿದ್ದೆ, ಹಾಗಾಗಿ ನೋಡಿದೆ. ದೊಡ್ಡಕ್ಕ ತಂಬಿಗೆಯೊಳಗೆ ಕೈ ಅದ್ದಿದಳು. ಬಾಯಿಗೆ ಒಯ್ಯಲಿಲ್ಲ. ಶೀಟಿನ ಮೇಲೆ ಚಿಮುಕಿಸಿದಳು. ಮತ್ತೆ ಅದ್ದಿದಳು, ಮತ್ತೆ ಚಿಮುಕಿಸಿದಳು. ತುಟಿ ಒಡೆದು ಬಿಳಿಚಿಕೊಂಡಿತ್ತು. ಕುಡಿಯುವ ನೀರನ್ನೆಲ್ಲ ಅವಳು ಆಸ್ಪತ್ರೆಯ ಶೀಟಿಗೆ ಕುಡಿಸುತ್ತಿದ್ದಳು.

"ದೊಡ್ಡಕ್ಕ, ನೀರು ಕುಡಿ."

"ಆಮೇಲೆ ಕುಡೀತೀನಿ."

"ಈಗ ಕುಡಿ. ನನ್ನೆದುರಿಗೆ."

ಅವಳು ಪೆಟ್ಟಿಗೆ ನಿಲ್ಲಿಸಲಿಲ್ಲ. "ಕುಡಿದ್ರೆ ಎಲ್ಲಿಗೆ ಹೋಗ್ಲಿ, ಹೇಳು. ಜಾಗ ತೋರ್ಸು, ಈಗ್ಲೇ ಪೂರ್ತಿ ಕುಡೀತೀನಿ."

ನನಗೆ ತೋರಿಸಲು ಜಾಗವಿರಲಿಲ್ಲ. ಮೈಯೆಲ್ಲ ಉರಿಯಿತು. ಅವಳ ಹಣೆ ಮುಟ್ಟಿದೆ, ಅದೂ ಉರಿಯುತ್ತಿತ್ತು. "ಉಚ್ಚೆ ಹೋದ್ರೆ ಬೆಂಕಿ ಸುರಿದ ಹಾಗಾಗುತ್ತೆ ಮಗಾ," ಎಂದು ಮೆಲ್ಲಗೆ ಹೇಳಿದಳು. "ನೀನೇನೂ ಮಾಡ್ಬೇಡ."

ನಾನು ನೇರ ಕಕ್ಕಸಿನ ಕಡೆಗೆ ನಡೆದೆ. ಬೀಗದಮ್ಮನ ಕಾಲು ಹಿಡಿದಾದರೂ ದೊಡ್ಡಕ್ಕನಿಗೆ ಕೀಲಿ ಕೊಡಿಸಬೇಕೆಂದು ಹೋದೆ. ಅಲ್ಲಿ ಮೇಸ್ತ್ರಿ ನಿಂತಿದ್ದ. ದಿನಾ ಮೂತಿ ತಿರುಗಿಸಿ ನನಗೆ ಕೀಲಿ ಕೊಡುತ್ತಿದ್ದ ಬೀಗದಮ್ಮ ಅಂದು ಅವನೆದುರಿಗೆ ನಿಯತ್ತು ತೋರಿಸಲು ಕೈ ಅಡ್ಡ ಹಿಡಿದಳು.

"ಇವಳ್ನ ಬಿಡೋದಾ ಸಾರ್? ಈ ತಲೆ, ಈ ಷರ್ಟು... ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?"

ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಎದೆಯ ಮೇಲೆ ಕಣ್ಣು ನಿಲ್ಲಿಸಿ ನಕ್ಕ. "ಯಾರಾದ್ರೂ ಸಾಕ್ಷಿ ಹೇಳ್ರಮ್ಮ!"

ಎಲ್ಲರೂ ನಕ್ಕರು. ಶೀಟು ಮಡಿಸುವ ಮುದುಕಿ, ನಾವು ಮಡಿಕೆಯಜ್ಜಿ ಎನ್ನುತ್ತೇವೆ, ಅವಳು ಕೂಗಿ ಹೇಳಿದಳು: "ಅಯ್ಯೋ ಬಿಡೇ, ಅವಳು ಹುಟ್ಟಾ ಹೆಣ್ಣು. ಒಂದ್ಸಲ ಅವಳಿಗೆ ಬಟ್ಟೆ ಬದಲಾಯಿಸೋಕೆ ನಾನೇ ಸಹಾಯ ಮಾಡಿದೀನಿ." ಹೌದು ಹೌದು ಎಂದು ಉಳಿದವರೂ ದನಿಗೂಡಿಸಿದರು. ಬೀಗದಮ್ಮ ಕೀಲಿ ನನ್ನ ಅಂಗೈಗೆ ಹಾಕಿದಳು.

ನನಗಾಗಿ ಎಷ್ಟೊಂದು ಬಾಯಿ! ನಾನು ತಿರುಗಿ ನೋಡಿದೆ. ದೊಡ್ಡಕ್ಕ ನಮಗೆ ಬೆನ್ನು ಹಾಕಿ ಇಸ್ತ್ರಿ ಮಾಡುತ್ತಿದ್ದಳು. ಆ ಬಾಯಿಗಳಲ್ಲಿ ಒಂದೂ ಅವಳಿಗಾಗಿ ತೆರೆದಿರಲಿಲ್ಲ. ಅವರಲ್ಲಿ ಎಷ್ಟು ಜನ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತಿರಲಿಲ್ಲ? ಹೆರಿಗೆಯಾದ ಹೊಸತರಲ್ಲಿ ಎಷ್ಟು ಜನರ ಪಾಲಿನ ಶೀಟನ್ನು ಅವಳು ಇಸ್ತ್ರಿ ಮಾಡಿಕೊಟ್ಟಿರಲಿಲ್ಲ? ಕೀಲಿ ನನ್ನ ಕೈಯಲ್ಲಿ ಸುಡುತ್ತಿತ್ತು. ಇಸ್ತ್ರಿ ಪೆಟ್ಟಿಗೆಯೂ ನನ್ನನ್ನು ಹಾಗೆ ಸುಟ್ಟಿಲ್ಲ.

"ಅವಳಿಗೂ ಕೊಡು," ಎಂದೆ.

"ಅದಾಗಲ್ಲ," ಎಂದ ಮೇಸ್ತ್ರಿ.

"ಹಾಗಿದ್ರೆ ಇಟ್ಕೋ." ಕೀಲಿಯನ್ನು ಬೀಗದಮ್ಮನ ಮಡಿಲಿಗೆ ಎಸೆದೆ. "ಅವಳಿಗಿಲ್ಲದ ಬಾಗ್ಲು ನನಗೂ ಬೇಡ."

ಮೇಜಿಗೆ ಬಂದು ನನ್ನ ತಂಬಿಗೆಯ ನೀರನ್ನು ಗಟಗಟ ಪೂರ್ತಿ ಕುಡಿದೆ. ಕೆಲಸ ಶುರು ಮಾಡಿದೆ. "ಹುಚ್ಚಿ, ಹೋಗೇ, ಹೋಗಿ ಬಾರೇ," ಎಂದು ದೊಡ್ಡಕ್ಕ ಬೈದಳು, ಬೇಡಿಕೊಂಡಳು. ನಾನು ಹೋಗಲಿಲ್ಲ. ಮಧ್ಯಾಹ್ನ ಕಳೆಯಿತು. ಕಿಬ್ಬೊಟ್ಟೆ ಕಲ್ಲಾಯಿತು. ತೊಡೆ ನಡುಗತೊಡಗಿತು. ಒಂದು ಶೀಟಿನ ಮೂಲೆ ಎಳೆಯಲು ಬಗ್ಗಿದೆ, ತಡೆಯಲಾಗಲಿಲ್ಲ. ಬಿಸಿ ನೀರು ಕಾಲ ಮೇಲೆ ಇಳಿಯಿತು. ಚಪ್ಪಲಿ ತುಂಬಿತು, ನೆಲದ ಮೇಲೆ ಹರಿದು ಮೇಜಿನಾಚೆ ಹೋಯಿತು. ಎಲ್ಲರೂ ನೋಡಿದರು. ನಾನು ಅದರಲ್ಲೇ ನಿಂತು ಇಸ್ತ್ರಿ ಮಾಡಿದೆ.

ಸೂಜಿ ತನ್ನ ಮೂಲೆಯಿಂದ ಎದ್ದು ಬಂದಳು. ನೆರಳಿಗೂ ಹೆದರುವವಳು. ಬಂದು ಆ ಉಚ್ಚೆಯಲ್ಲೇ ನನ್ನ ಪಕ್ಕ ಕಾಲೂರಿ ನಿಂತು, ಎಲ್ಲರೆದುರಿಗೆ ನನ್ನ ಕೈ ಹಿಡಿದಳು. ಅಕ್ಕತಂಗಿ ಹಾಗೆ ಕೈ ಹಿಡಿಯುವುದಿಲ್ಲ. ದೊಡ್ಡಕ್ಕ ಅಳುತ್ತ ನೆಲ ಒರೆಸಲು ಮಂಡಿಯೂರಿದಳು. ಮತ್ತೆ ಏಳಲಿಲ್ಲ.

ಅವಳನ್ನು ಒಯ್ದದ್ದು ನಾವು ಬಟ್ಟೆ ಒಗೆಯುವ ಆಸ್ಪತ್ರೆಗೇ. ಮಲಗಿಸಿದ್ದು ಗಂಡಸರ ವಾರ್ಡಿನಲ್ಲಿ. ನಾನು ಕೂಗಾಡಿದೆ. "ಹೆಂಗಸರ ವಾರ್ಡಲ್ಲಿ ಬೇರೆಯವರು ಒಪ್ಪಲ್ಲ," ಎಂದರು. ಡಾಕ್ಟರು ಬಂದು ನೋಡಿ, ಮೂತ್ರಪಿಂಡ ಕೆಟ್ಟಿದೆ, ನಂಜು ರಕ್ತಕ್ಕೆ ಏರಿದೆ ಎಂದರು. "ಇಷ್ಟು ದಿನ ಏನು ಮಾಡ್ತಿದ್ರಿ? ನೀರು ಕುಡೀತಿರಲಿಲ್ವಾ?" ಎಂದು ನಮ್ಮನ್ನೇ ಗದರಿದರು.

ಪಕ್ಕದ ಮಂಚದವರು ಕತ್ತು ಉದ್ದ ಮಾಡಿ ಅವಳನ್ನು ನೋಡುತ್ತಿದ್ದರು. ಒಬ್ಬ ಮಗನನ್ನು ಕರೆದು ತೋರಿಸಿದ. ದೊಡ್ಡಕ್ಕನಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ ಅವಳ ಕೈ ಶೀಟಿನ ಅಂಚು ಹಿಡಿದು ತಡವುತ್ತ ಹೋಯಿತು. ಮೂಲೆ ಸಿಕ್ಕಿತು. ಹೆಬ್ಬೆರಳು ಎರಡು ಗೆರೆಯ ಮೇಲೆ ನಿಂತಿತು.

"ಇದು ಈ ಕಡೇದಲ್ಲ," ಎಂದಳು. "ತಪ್ಪು ಗಂಟು. ಆ ಕಡೆ ಹಾಕ್ರೇ."

"ಜ್ವರದ ತಲೆಗೆ ಏನೇನೋ ಬಡಬಡಿಸ್ತಿದಾರೆ," ಎಂದಳು ನರ್ಸು.

ಬಡಬಡಿಕೆಯಲ್ಲ. ನಮಗಿಬ್ಬರಿಗೆ ಮಾತ್ರ ಅರ್ಥವಾಯಿತು. ಸೂಜಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು.

ಸಂಜೆ ವಾರ್ಡಿನ ಕಾವಲಿನವನು ಬಂದ. "ರೋಗಿಗೆ ನೀವೇನಾಗ್ಬೇಕು? ಸಂಬಂಧಿಕರಲ್ದಿದ್ರೆ ಎದ್ದು ಹೋಗಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಸೂಜಿ ಎದ್ದು ನಿಂತಳು. "ನಾನೂ ಇವಳೂ ಅಕ್ಕತಂಗಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ವಿ. ಸುಳ್ಳು. ಇವಳು ನನ್ನಕ್ಕ ಅಲ್ಲ, ನನ್ನ ಜೀವ. ನಾವಿಬ್ರೂ ಸಂಸಾರ ಮಾಡ್ತಿದೀವಿ." ಅವಳ ದನಿ ವಾರ್ಡಿಗೆಲ್ಲ ಕೇಳುತ್ತಿತ್ತು. ಮಂಚದ ಕಡೆ ಕೈ ತೋರಿಸಿದಳು. "ನಮ್ಮಕ್ಕ ಅಂದ್ರೆ ಇವಳು. ಇದೊಂದು ನಿಜ. ಈಗ ಹೊರಗೆ ಹಾಕ್ತೀಯಾ, ಹಾಕು."

ಅವನು ಬಾಗಿಲ ಕಡೆ ತಿರುಗಿದ. ಗಂಟೆ ಹೊಡೆಯುವವರೆಗೆ ಕೂತಿರಿ ಎಂದು ಹೋದ.

ಸೂಜಿ ಮಂಚದ ಪಕ್ಕ ನೆಲದ ಮೇಲೆ ಕೂತಳು. ಕಾಲರಿನಿಂದ ಸೂಜಿ ತೆಗೆದಳು. ಶೀಟಿನ ಮೂಲೆ ಮಡಿಲಿಗೆಳೆದುಕೊಂಡು ಎರಡು ಗೆರೆಯನ್ನು ಬಿಚ್ಚಿದಳು. ಅದೇ ದಾರ ಪೋಣಿಸಿ ಇಂಟು ಗುರುತು ಹೊಲಿದಳು. ಕಣ್ಣಲ್ಲಿ ನೀರು ತುಂಬಿತ್ತು, ಬೆರಳಿಗೆ ಚುಚ್ಚಿಕೊಂಡಳು. ದಾರ ಹಲ್ಲಲ್ಲಿ ಕಡಿದು ಮೂಲೆಯನ್ನು ದೊಡ್ಡಕ್ಕನ ಕೈಗೆ ಕೊಟ್ಟಳು.

ಹೆಬ್ಬೆರಳು ಮೆಲ್ಲಗೆ ಆ ಗುರುತಿನ ಮೇಲೆ ಆಡಿತು. ಒಂದು ಕಡೆಯಿಂದ ಇನ್ನೊಂದು ಕಡೆಗೆ, ಮತ್ತೆ ವಾಪಸು. ತುಟಿ ತುಸು ಅಲುಗಿತು, ಹಲ್ಲಿನ ಸಂದು ಕಂಡಿತು.

"ಸೊಟ್ಟ ಹೊಲ್ದಿದೀಯಲ್ಲೇ," ಎಂದಳು.

ಅದೇ ಕೊನೆ. ಗಂಟೆ ಹೊಡೆದಾಗ ನಮ್ಮನ್ನು ಹೊರಗೆ ಕಳಿಸಿದರು. ಬೆಳಿಗ್ಗೆ ಗೇಟು ತೆರೆದಾಗ ಓಡಿದೆವು. ಆ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ದೊಡ್ಡಕ್ಕನ ಜೊತೆ ಮನೆ ಮಾಡಿಕೊಂಡಿದ್ದ, ಅವಳ ಹಾಗೆಯೇ ಹೆಣ್ಣಾಗಿ ಬದುಕಲು ಮನೆ ಬಿಟ್ಟು ಬಂದಿದ್ದ ಇಬ್ಬರು ಬಂದರು. ನಾವಿಬ್ಬರು. ನಾಲ್ವರೇ ಅವಳ ಹೆಣ ಹೊತ್ತೆವು. ಲಾಂಡ್ರಿಯಿಂದ ಯಾರೂ ಬರಲಿಲ್ಲ.

ಮತ್ತೆ ಕೆಲಸಕ್ಕೆ ಹೋದ ದಿನ ನೋಡುತ್ತೇನೆ, ಕಕ್ಕಸಿನ ಬಾಗಿಲಿಗೆ ಬೀಗವಿಲ್ಲ. ಬೀಗ, ಕೀಲಿ ಎರಡೂ ಪಕ್ಕದ ಮೊಳೆಗೆ ನೇತಾಡುತ್ತಿದ್ದವು. ಬೀಗದಮ್ಮ ಮತ್ತೆ ಪೊರಕೆ ಹಿಡಿದಿದ್ದಳು. "ಇನ್ಯಾಕೆ ಬೀಗ," ಎಂದಿದ್ದನಂತೆ ಮೇಸ್ತ್ರಿ. ಹೆಂಗಸರು ನಗುತ್ತ ಒಳಗೆ ಹೋಗುತ್ತಿದ್ದರು, ನಗುತ್ತ ಹೊರಗೆ ಬರುತ್ತಿದ್ದರು. ಬಾಯ್ಲರ್ ಮನೆಯವನು ಹಬೆ ಬಿಟ್ಟ. ದೊಡ್ಡಕ್ಕನ ಮೇಜಿನ ಕಾಲ ಬಳಿ ಅವಳ ತಂಬಿಗೆ ಹಾಗೇ ಇತ್ತು.

ನಾನು ಪೆಟ್ಟಿಗೆ ಹಿಡಿದೆ. ಒಗೆದ ಶೀಟುಗಳು ಒಂದೊಂದಾಗಿ ಬಂದವು. ಅಂದು ಒಗೆದದ್ದು ಗಂಡಸರ ವಾರ್ಡಿನ ಗಂಟು ಮಾತ್ರ. ಹೆಬ್ಬೆರಳು ಮೂಲೆಗೆ ಹೋಗುತ್ತಿತ್ತು, ಗೆರೆ, ಗೆರೆ, ಗೆರೆ. ಆಮೇಲೆ ಒಂದು ಸೊಟ್ಟ ಇಂಟು ಗುರುತು. ಕೈ ಅಲ್ಲೇ ನಿಂತಿತು.

ಎಷ್ಟು ಹೊತ್ತು ನಿಂತಿದ್ದೆನೋ, ಮೇಸ್ತ್ರಿ ಬಂದು ಇಣುಕಿದ. "ಈ ಗಂಟಲ್ಲಿ ಇಂಟು ಹೇಗ್ಬಂತು? ಬಿಚ್ಚಿ ಸರಿ ಮಾಡಮ್ಮ," ಎಂದು ಸೂಜಿಗೆ ಕೂಗಿದ.

"ಸರಿಯಾಗೇ ಇದೆ," ಎಂದಳು ಸೂಜಿ. "ಬಿಚ್ಚಲ್ಲ."

ನಾನು ಆ ಶೀಟನ್ನು ಹೆಗಲಿಗೆ ಹಾಕಿಕೊಂಡೆ. ದೊಡ್ಡಕ್ಕನ ತಂಬಿಗೆಯನ್ನು ನಲ್ಲಿಯಲ್ಲಿ ತುಂಬಿಸಿಕೊಂಡೆ. ಕಕ್ಕಸಿನ ಬಳಿ ಹೋಗಿ ಬಾಗಿಲು ಎಳೆದು, ಮೊಳೆಯಲ್ಲಿದ್ದ ಬೀಗ ತೆಗೆದು ಜಡಿದೆ. ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲಲ್ಲೇ ಕೂತೆ. ಸೂಜಿ ಬಂದು ಪಕ್ಕದಲ್ಲಿ ಕೂತಳು.

"ಏನಿದು ಹುಚ್ಚಾಟ!" ಎಂದ ಮೇಸ್ತ್ರಿ.

"ದೊಡ್ಡಕ್ಕನ ಮೇಜಿಗೆ, ಅವಳ ಮನೇಲಿದ್ದ ಅವಳಂಥವಳೇ ಒಬ್ಬಳು ಕೆಲಸಕ್ಕೆ ಬರ್ತಾಳೆ," ಎಂದೆ. "ಬಂದು, ಈ ಬಾಗ್ಲಲ್ಲಿ ಎಲ್ಲರ ಕಣ್ಣೆದುರಿಗೆ ಒಳಗೆ ಹೋಗಿ ಬರ್ತಾಳೆ. ಆಮೇಲೆ ಬೀಗ ತೆಗೀತೀನಿ. ಅಲ್ಲೀವರೆಗೆ ಯಾರಿಗೂ ಇಲ್ಲ."

ಅವನು ಬೈದ. ಕೆಲಸದಿಂದ ತೆಗೆಯುತ್ತೇನೆ ಎಂದ. ನಮ್ಮಿಬ್ಬರ ಮಂಚದ ವಿಷಯ ತೆಗೆದ. "ಗೊತ್ತಿರೋದನ್ನೇ ಎಷ್ಟು ಸಲ ಹೇಳ್ತೀರಿ ಸಾರ್," ಎಂದಳು ಸೂಜಿ. ಹೆಂಗಸರು ಮೊದಲು ನಕ್ಕರು. ಆಮೇಲೆ ಬೈದರು. ಹಬೆ ತನ್ನ ಪಾಡಿಗೆ ಬರುತ್ತಿತ್ತು, ಅವರು ತಂಬಿಗೆ ಎತ್ತಿ ಕುಡಿಯುತ್ತಿದ್ದರು, ಕುಡಿಯಲೇಬೇಕಲ್ಲ. ಮಧ್ಯಾಹ್ನದ ಹೊತ್ತಿಗೆ ಬೈಗುಳವೂ ನಿಂತಿತು. ಒಬ್ಬೊಬ್ಬರೇ ಬಂದು ನಮ್ಮೆದುರು ನಿಂತರು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತ. ಮಡಿಕೆಯಜ್ಜಿ ಹೊಟ್ಟೆ ಹಿಡಿದುಕೊಂಡು ಮುಂದೆ ಬಂದಳು.

"ಬೀಗ ತೆಗಿಯೇ ತಾಯಿ. ಮುದುಕಿ ಕಣೇ ನಾನು. ಹೊಟ್ಟೆ ಒಡೀತಿದೆ."

"ಅವಳಿಗೂ ಒಡೀತಿತ್ತು ಅಜ್ಜಿ," ಎಂದೆ.

ಅಜ್ಜಿ ನನ್ನ ಮುಖ ನೋಡಿದಳು. ತಂಬಿಗೆ ನೋಡಿದಳು. ನೆಲಕ್ಕೆ ಕೈಯೂರಿ, ಮೊಣಕಾಲು ಒಂದೊಂದಾಗಿ ಮಡಿಸಿ, ಅವಳು ನನ್ನ ಪಕ್ಕ ಕೂತಳು.